ಹೇಗ್ ನ್ಯಾಯಾಲಯದಲ್ಲಿ ಲಿಕಿಯೆಪ್‌ನ ಹುಡುಗ

1954ರ ಮಾರ್ಚ್ 1, ಇನ್ನೂ ನಸುಕು. ಪೆಸಿಫಿಕ್ ಸಾಗರದ ನಡುವಿನ ಲಿಕಿಯೆಪ್ ಎಂಬ ಹವಳದ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಅಜ್ಜನ ಜೊತೆ ಮೀನು ಹಿಡಿಯಲು ಹೋಗಿದ್ದ. ಅಜ್ಜ ಬಲೆ ಬೀಸುತ್ತಿದ್ದರು. ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವ ಬೆಳಕು. ಆಗ ಸದ್ದೇ ಇರಲಿಲ್ಲ; ಸದ್ದು ಬಂದದ್ದು ಆಮೇಲೆ. ನೋಡನೋಡುತ್ತಿದ್ದಂತೆ ಆಕಾಶ, ಕಡಲು, ಹಿಡಿದ ಮೀನು, ಅಜ್ಜನ ಬಲೆ ಎಲ್ಲವೂ ಕೆಂಪಾದವು. ನೂರಾರು ಕಿ.ಮೀ. ದೂರದ ಬಿಕಿನಿ ದ್ವೀಪದಲ್ಲಿ ಅಮೆರಿಕ 15 ಮೆಗಾಟನ್‌ನ ಜಲಜನಕ ಬಾಂಬ್ ಸಿಡಿಸಿತ್ತು. ಹಿರೋಷಿಮಾ ಬಾಂಬಿನ ಸಾವಿರ ಪಟ್ಟು ಶಕ್ತಿಯ ಆ ಸ್ಫೋಟಕ್ಕೆ ಇಟ್ಟ ಹೆಸರು ‘ಕ್ಯಾಸಲ್ ಬ್ರಾವೊ’.

ಆ ಹುಡುಗ ಟೋನಿ ಡಿಬ್ರಮ್. ಮುಂದೆ ಮಾರ್ಷಲ್ ದ್ವೀಪಗಳ ವಿದೇಶಾಂಗ ಸಚಿವರಾದರು, ಒಮ್ಮೆಯಲ್ಲ, ಮೂರು ಬಾರಿ. 62 ವರ್ಷಗಳ ನಂತರ, 2016ರ ಮಾರ್ಚ್‌ನಲ್ಲಿ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಂತು ಅದೇ ಬೆಳಗನ್ನು ನ್ಯಾಯಮೂರ್ತಿಗಳ ಮುಂದೆ ನೆನೆದರು. ಎದುರು ಪಕ್ಷಗಳಲ್ಲಿ ಒಂದು, ನಮ್ಮ ಭಾರತ.

ಈ ಎರಡು ಬೆಳಗುಗಳ ನಡುವಿನ ದಾರಿಯನ್ನು ನಾವು ಅರಿಯಬೇಕು. ಮಾರ್ಷಲ್ ದ್ವೀಪಗಳನ್ನು ವಿಶ್ವಸಂಸ್ಥೆ 1947ರಲ್ಲಿ ಅಮೆರಿಕದ ಕೈಗೆ ಒಪ್ಪಿಸಿದ್ದು ಕಾಪಾಡಲೆಂದು. ಕಾಯಬೇಕಾದವರೇ ಅಲ್ಲಿ, ಅದಕ್ಕೂ ಮುನ್ನ 1946ರಲ್ಲೇ ತೊಡಗಿ, 1958ರವರೆಗೆ 67 ಅಣ್ವಸ್ತ್ರಗಳನ್ನು ಸಿಡಿಸಿದರು. ಬ್ರಾವೊ ಸ್ಫೋಟದ ಬಿಳಿ ಬೂದಿ ರೊಂಗೆಲಾಪ್ ದ್ವೀಪದ ಮೇಲೆ ಸುರಿದಾಗ ಮಕ್ಕಳು ಅದರಲ್ಲಿ ಆಡಿದರು. ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನಗಳ ಮೇಲೆ. ದ್ವೀಪವಾಸಿಗಳು ಅದೇ ವರ್ಷ ವಿಶ್ವಸಂಸ್ಥೆಗೆ ಅರ್ಜಿ ಬರೆದರು. ಪರೀಕ್ಷೆಗಳು ಮಾತ್ರ ಇನ್ನೂ ನಾಲ್ಕು ವರ್ಷ ನಡೆದವು.

ಆಗ ದೆಹಲಿಯಿಂದ ಒಂದು ದನಿ ಎದ್ದಿತು. 1954ರ ಏಪ್ರಿಲ್ 2ರಂದು, ಬ್ರಾವೊ ಸ್ಫೋಟವಾಗಿ ತಿಂಗಳು ತುಂಬಿದ ಮರುದಿನ, ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ನಿಂತು ಅಣ್ವಸ್ತ್ರ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಬೇಕೆಂದು ಕೇಳಿದರು. ಹಾಗೆ ಕೇಳಿದ ಮೊದಲ ಸರ್ಕಾರದ ಮುಖ್ಯಸ್ಥರು ಅವರೇ. ಇದನ್ನು ನಾವು ಮರೆತಿದ್ದೇವೆ.

ಡಿಬ್ರಮ್ ಪದವಿ ಪಡೆದ ಮೊದಲ ಕೆಲವೇ ಮಾರ್ಷಲ್ ಯುವಕರಲ್ಲಿ ಒಬ್ಬರು. ಸ್ವಾತಂತ್ರ್ಯಕ್ಕಾಗಿ ಅಮೆರಿಕದೊಂದಿಗೆ ನಡೆದ ಸುದೀರ್ಘ ಮಾತುಕತೆಯಲ್ಲಿ ಅವರಿದ್ದರು. 1986ರಲ್ಲಿ ಜಾರಿಗೆ ಬಂದ ಒಪ್ಪಂದ ದೇಶಕ್ಕೆ ಸ್ವಾತಂತ್ರ್ಯ ತಂದಿತು, ಜೊತೆಗೆ ಒಂದು ಕಹಿಯನ್ನೂ ತಂದಿತು. ವಿಕಿರಣದ ಹಾನಿಗೆ 15 ಕೋಟಿ ಡಾಲರ್ ಕೊಟ್ಟು, ಲೆಕ್ಕ ಇಲ್ಲಿಗೆ ಚುಕ್ತಾ ಎಂದಿತು ಅಮೆರಿಕ. ಪರಿಹಾರ ನಿರ್ಧರಿಸಲು ರಚಿಸಿದ ನ್ಯಾಯಮಂಡಳಿ ಮುಂದೆ 200 ಕೋಟಿ ಡಾಲರ್‌ಗೂ ಮಿಕ್ಕಿ ತೀರ್ಪು ಕೊಟ್ಟಿತು, ಕೊಡಲು ಹಣವಿರಲಿಲ್ಲ. ಹಾನಿಯ ನಿಜ ಪ್ರಮಾಣ ಒಪ್ಪಂದದ ಹೊತ್ತಿಗೆ ತಿಳಿದಿರಲಿಲ್ಲ ಎಂದು ಮಾರ್ಷಲ್ ಸರ್ಕಾರ 2000ದಲ್ಲಿ ಅಮೆರಿಕದ ಸಂಸತ್ತಿನ ಮೊರೆ ಹೋಯಿತು. ಅದೂ ಫಲಿಸಲಿಲ್ಲ. ಡಿಬ್ರಮ್ ಪ್ರತಿನಿಧಿಸುತ್ತಿದ್ದ ಕ್ವಾಜಲೀನ್ ಕ್ಷೇತ್ರದ ಸ್ಥಿತಿಯನ್ನೂ ನೋಡಿ: ಕ್ಯಾಲಿಫೋರ್ನಿಯಾದಿಂದ ಪರೀಕ್ಷೆಗೆಂದು ಹಾರಿಸುವ ಕ್ಷಿಪಣಿಗಳು ಇಂದಿಗೂ ಬಂದು ಬೀಳುವುದು ಅಲ್ಲಿಯೇ. ಆ ಸೇನಾ ನೆಲೆಯ ಬಾಡಿಗೆ, ಕೂಲಿ ನಂಬಿ ಬದುಕುವ ಮತದಾರರ ನಡುವೆ ನಿಂತು ಅಣ್ವಸ್ತ್ರದ ವಿರುದ್ಧ ಮಾತಾಡಲು ಎದೆಗಾರಿಕೆ ಬೇಕು.

2014ರ ಏಪ್ರಿಲ್‌ನಲ್ಲಿ ಮಾರ್ಷಲ್ ದ್ವೀಪಗಳು ಒಂಬತ್ತು ಅಣ್ವಸ್ತ್ರ ದೇಶಗಳ ಮೇಲೆ ಹೇಗ್ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಪರಿಹಾರ ಕೇಳಲಿಲ್ಲ, ನಿಶ್ಶಸ್ತ್ರೀಕರಣದ ಮಾತುಕತೆಗೆ ಪ್ರಾಮಾಣಿಕವಾಗಿ ಕೂರಿ, ಅಷ್ಟೇ ಎಂದವು. ಆ ನ್ಯಾಯಾಲಯದ ಕಡ್ಡಾಯ ಅಧಿಕಾರವನ್ನು ಒಪ್ಪಿದ್ದ ಭಾರತ, ಪಾಕಿಸ್ತಾನ, ಬ್ರಿಟನ್ ಮಾತ್ರ ವಿಚಾರಣೆಗೆ ಸಿಕ್ಕವು. ಬಾಂಬ್ ಹಾಕಿದ ಅಮೆರಿಕ ಆ ಬಾಗಿಲನ್ನು ಮೊದಲೇ ಮುಚ್ಚಿಕೊಂಡಿತ್ತು. ಮಾರ್ಷಲ್ ಜನರಿಗೆ ಯಾವ ಕೇಡನ್ನೂ ಮಾಡದ ಭಾರತ ಎದುರುವಾದಿಯಾಗಬೇಕಾಗಿ ಬಂದದ್ದು ಹೀಗೆ. ನಮ್ಮ ವಕೀಲರ ವಾದದಲ್ಲಿ ಹುರುಳಿತ್ತು. 2016ರ ಅಕ್ಟೋಬರ್ 5ರಂದು ನ್ಯಾಯಾಲಯ 9–7 ಮತಗಳಿಂದ ಭಾರತದ ಪರ ನಿಂತಿತು. ಕಾರಣ ಮಾತ್ರ ಶುದ್ಧ ತಾಂತ್ರಿಕ: ದಾವೆಗೆ ಮುನ್ನ ಎರಡು ದೇಶಗಳ ನಡುವೆ ‘ವಿವಾದ’ವೇ ಇರಲಿಲ್ಲವಂತೆ. ಬ್ರಿಟನ್ ಪ್ರಕರಣದಲ್ಲಿ ಮತಗಳು 8–8 ಸಮನಾಗಿ, ಅಧ್ಯಕ್ಷರ ನಿರ್ಣಾಯಕ ಮತ ಬೇಕಾಯಿತು. ನಾವು ಗೆದ್ದೆವು, ನಿಜ. ಆದರೆ 1954ರಲ್ಲಿ ಯಾರ ಪರ ಮಾತಾಡಿದ್ದೆವೋ ಅವರ ಎದುರು ಗೆದ್ದೆವು. ಹೇಗ್‌ನಲ್ಲಿ ಆ ಹಳೆಯ ನಂಟನ್ನು ನೆನೆದು, ನಿಮ್ಮ ಬೇಡಿಕೆ ನಮ್ಮದೂ ಹೌದು, ಮಾತುಕತೆಗೆ ನಾವು ಮೊದಲು ಬರುತ್ತೇವೆ ಎಂದು ಸಾರಲು ಭಾರತಕ್ಕೆ ಸಿಕ್ಕ ಅವಕಾಶ ಕೈಜಾರಿತೆಂದೇ ನನ್ನ ಅನಿಸಿಕೆ.

ಹವಾಮಾನದ ಹೋರಾಟದಲ್ಲಿ ಪ್ಯಾರಿಸ್‌ನ ಕಥೆ ಬೇರೆ. 2015ರ ನವೆಂಬರ್‌ನಲ್ಲಿ ಡಿಬ್ರಮ್ ತಮ್ಮ ಕ್ಷೇತ್ರದಲ್ಲಿ ಸೋತರು. ಸೋತ ಕೆಲವೇ ದಿನಗಳಿಗೆ, ಅಧಿಕಾರದ ಕೊನೆಯ ವಾರಗಳಲ್ಲಿ, ಹವಾಮಾನ ಶೃಂಗಸಭೆಗೆ ಹೋದರು. ಬಲವಾದ ಒಪ್ಪಂದ ಬಯಸುವ ದೇಶಗಳನ್ನು ಸೇರಿಸಿ ತಿಂಗಳುಗಳಿಂದ ಸದ್ದಿಲ್ಲದೆ ಕಟ್ಟುತ್ತಿದ್ದ ಕೂಟವನ್ನು ಅಲ್ಲಿ ಬಹಿರಂಗಪಡಿಸಿದರು. ಬಡ ದೇಶ, ಶ್ರೀಮಂತ ದೇಶ ಸೇರಿ ಅದರ ಸದಸ್ಯರ ಸಂಖ್ಯೆ ನೂರು ದಾಟಿತು. ಕೂಟದ ಪ್ರತಿನಿಧಿಗಳು ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿಕೊಂಡು ಕೊನೆಯ ಅಧಿವೇಶನದೊಳಗೆ ಒಟ್ಟಾಗಿ ನಡೆದು ಬಂದರು. ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಯತ್ನದ ಮಾತು ಒಪ್ಪಂದದಲ್ಲಿ ಉಳಿದದ್ದರಲ್ಲಿ ಈ ಕೂಟದ ಪಾಲು ದೊಡ್ಡದು. ಕೊನೆಗೆ ಡಿಬ್ರಮ್ ತಮ್ಮ ಮಾತಿನ ಅವಕಾಶವನ್ನು 18 ವರ್ಷದ ತಮ್ಮ ನಾಡಿನ ಹುಡುಗಿಗೆ ಬಿಟ್ಟುಕೊಟ್ಟರು.

ಭಾರತ ಆ ಕೂಟದಲ್ಲಿರಲಿಲ್ಲ. ನಮ್ಮ ಆಕ್ಷೇಪ ಸುಳ್ಳಲ್ಲ. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟವರು ಅದೇ ಕೂಟದಲ್ಲಿ ನಿಂತು ನಮಗೆ ಮಹತ್ವಾಕಾಂಕ್ಷೆಯ ಪಾಠ ಹೇಳುವುದು ಸರಿಯಲ್ಲ. ಹೊಣೆ ಎಲ್ಲರದ್ದಾದರೂ ಪಾಲು ಬೇರೆ ಬೇರೆ ಎಂಬ ನಮ್ಮ ನಿಲುವು ನ್ಯಾಯವಾದದ್ದೇ. ಆದರೆ ಸರಾಸರಿ ಎರಡು ಮೀಟರ್ ಎತ್ತರದ ನೆಲದ ಮೇಲೆ ಬದುಕುವವರಿಗೆ ಪಾಲಿನ ಲೆಕ್ಕ ಮುಗಿಯುವ ತನಕ ಕಾಯಲು ಪುರುಸೊತ್ತಿಲ್ಲ. 2024ರಲ್ಲಿ, ಒಂದು ವರ್ಷದ ಮಟ್ಟಿಗೆ, 1.5 ಡಿಗ್ರಿಯ ಗೆರೆ ದಾಟಿಯೂ ಆಗಿದೆ.

ಇದು ದೂರದವರ ಗೋಳು ಎಂದುಕೊಳ್ಳುವವರು ಮಂಗಳೂರಿನ ಹಳೆ ಬಂದರಿಗೆ ಹೋಗಿ ನೋಡಲಿ. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ ತುಂಬಿಕೊಂಡು ಮಂಜಿ ಎಂಬ ಸರಕು ದೋಣಿಗಳು ಹೊರಡುವುದು ಲಕ್ಷದ್ವೀಪಕ್ಕೆ. ಅದೂ ಲಿಕಿಯೆಪ್‌ನಂತೆಯೇ ಹವಳದ ನೆಲ, ಅಷ್ಟೇ ತಗ್ಗು, ಅಷ್ಟೇ ತೆಂಗು. ಒಟ್ಟು 32 ಚದರ ಕಿ.ಮೀ.ಯ ಆ ನೆಲ ಭಾರತದ್ದೇ. ದ್ವೀಪ ದೇಶಗಳ ಸಂಕಟ ನಮ್ಮದಲ್ಲ ಎನ್ನುವ ಅನುಕೂಲ ನಮಗಿಲ್ಲ.

ಡಿಬ್ರಮ್ 2017ರ ಆಗಸ್ಟ್ 22ರಂದು ತಮ್ಮ ದೇಶದ ರಾಜಧಾನಿ ಮಜುರೊದಲ್ಲಿ ತೀರಿಕೊಂಡರು, ವಯಸ್ಸು 72. ಎಂಟು ವರ್ಷಗಳ ನಂತರ, 2025ರ ಜುಲೈ 23ರಂದು, ಅವರ ಅರ್ಜಿಯನ್ನು ತಳ್ಳಿಹಾಕಿದ್ದ ಅದೇ ನ್ಯಾಯಾಲಯ ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ ಎಂದು ಒಮ್ಮತದಿಂದ ಅಭಿಪ್ರಾಯ ನೀಡಿತು. ಅದನ್ನು ಕೇಳಿ ಮುಂದಾಳತ್ವ ವಹಿಸಿದ್ದು ಪೆಸಿಫಿಕ್‌ನದೇ ಇನ್ನೊಂದು ಪುಟ್ಟ ದೇಶ, ವನುವಾಟು. ಮುಂದಿನ ಹವಾಮಾನ ಸಭೆಯಲ್ಲಿ ಭಾರತ ಶ್ರೀಮಂತ ದೇಶಗಳಿಂದ ಲೆಕ್ಕ ಕೇಳಲಿ, ಬಿಡಬೇಕಿಲ್ಲ. ಆದರೆ ಆ ಲೆಕ್ಕವನ್ನು ಲಕ್ಷದ್ವೀಪದ ಕವರಟ್ಟಿಯ, ಮಜುರೊದ ಜನರ ಪಕ್ಕದಲ್ಲಿ ಕೂತು ಕೇಳಲಿ.