ಲೀಡರಿನ ಕೆಲಸ ಯಾವುದು?

ಅಧ್ಯಾಪಕರು ತರಗತಿಯಿಂದ ಹೊರಗೆ ಹೋದ ಕೂಡಲೇ ಲೀಡರು ಸೀಮೆಸುಣ್ಣ ಹಿಡಿದು ಕರಿಹಲಗೆಯ ಬಳಿ ನಿಲ್ಲುತ್ತಾನೆ. ಮಾತನಾಡಿದವರ ಹೆಸರು ಬರೆಯುತ್ತಾನೆ. ಪುನಃ ಮಾತನಾಡಿದರೆ ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತಾನೆ. ನೆಚ್ಚಿನ ಗೆಳೆಯ ಮಾತನಾಡಿದರೆ ಅವನಿಗೆ ಕೇಳಿಸುವುದಿಲ್ಲ. ನಿನ್ನೆ ಆಟದಲ್ಲಿ ಜಗಳವಾಡಿದವನು ಕೆಮ್ಮಿದರೂ ಕೇಳಿಸುತ್ತದೆ! ತನ್ನ ಹೆಸರನ್ನೇ ಬರೆದುಕೊಂಡ ಲೀಡರನ್ನು ನಾನಂತೂ ಈವರೆಗೆ ನೋಡಿಲ್ಲ.

ಇದು ಹೊಸ ಪದ್ಧತಿಯೇನಲ್ಲ. ನಿಮ್ಮ ಅಜ್ಜಂದಿರು ಶಾಲೆಗೆ ಹೋಗುತ್ತಿದ್ದಾಗಲೂ ಇತ್ತು. ಹಳೆಯದು ಎಂಬ ಕಾರಣಕ್ಕೆ ಅದು ಸರಿಯಾಗಬೇಕಾಗಿಲ್ಲ. ಹೆಸರು ಬರೆಯುವುದು ಲೀಡರಿನ ಕೆಲಸವಲ್ಲ ಎಂದೇ ನನ್ನ ಅಭಿಪ್ರಾಯ.

ಮಾತನಾಡಿದವರೆಲ್ಲ ಗಲಾಟೆ ಮಾಡಿದವರೇ? ‘ಈ ಲೆಕ್ಕ ಹೇಗೆ?’ ಎಂದು ಪಕ್ಕದವನಲ್ಲಿ ಕೇಳಿದವನ ಹೆಸರೂ ಹಲಗೆಯ ಮೇಲೆ ಬರುತ್ತದೆ. ಮರುದಿನ ಅವನು ಕೇಳುವುದಿಲ್ಲ. ಲೆಕ್ಕ ತಿಳಿಯದಿದ್ದರೂ ತಿಳಿದವನಂತೆ ಕುಳಿತಿರುತ್ತಾನೆ. ತರಗತಿ ಶಾಂತವಾಗಿದೆ ಎಂದು ಅಧ್ಯಾಪಕರಿಗೆ ಸಂತೋಷವಾಗುತ್ತದೆ. ಲೆಕ್ಕ ಮಾತ್ರ ಹಾಗೆಯೇ ಉಳಿಯುತ್ತದೆ.

ದೊಡ್ಡವರು ಕೆಲಸ ಮಾಡುವ ಕಚೇರಿ, ಕಾರ್ಖಾನೆ, ಹೋಟೆಲುಗಳಲ್ಲಿಯೂ ಹೀಗೆಯೇ ಆಗುವುದುಂಟು. ಹಾಲು ಒಡೆಯುವಂತಿದೆ ಎಂಬುದು ಒಲೆಯ ಮುಂದೆ ನಿಂತವನಿಗೆ ಮೊದಲು ತಿಳಿಯುತ್ತದೆ. ಹೇಳಿದರೆ ಯಜಮಾನರು ಬೈಯುತ್ತಾರೆಂಬ ಹೆದರಿಕೆ ಇದ್ದರೆ ಅವನು ಸುಮ್ಮನಿರುತ್ತಾನೆ. ಒಡೆದ ಹಾಲಿನ ಚಹಾ ಗಿರಾಕಿಯ ಮೇಜಿಗೆ ಹೋಗುತ್ತದೆ. ತಪ್ಪು ಯಾರದು? ಸುಮ್ಮನಿದ್ದವನದು ಎಂದು ನೀವು ಹೇಳಬಹುದು. ಅವನ ಬಾಯಿ ಮುಚ್ಚಿಸಿದವರದು ಎಂದು ನಾನು ಹೇಳುತ್ತೇನೆ.

ನಮ್ಮ ರಾಜ್ಯದ ಒಂದು ಹೋಟೆಲಿನ ಕತೆ ಇಲ್ಲಿ ನೆನಪಾಗುತ್ತದೆ. ಇಂಡಿಯನ್ ಕಾಫಿ ಹೌಸ್ ನೀವು ನೋಡಿರಬಹುದು. ಬಿಳಿ ಉಡುಪು ಧರಿಸಿ, ತಲೆಗೆ ಬೀಸಣಿಗೆಯಂತಹ ಪೇಟ ಸುತ್ತಿದವರು ಅಲ್ಲಿ ಕಾಫಿ ತಂದುಕೊಡುತ್ತಾರೆ. ಬೀಟ್‌ರೂಟ್ ಹಾಕಿದ ಕೆಂಪು ಮಸಾಲೆಯ ದೋಸೆಗೂ ಅದು ಹೆಸರುವಾಸಿ. ತಿರುವನಂತಪುರದ ತಂಬಾನೂರಿನಲ್ಲಿ ಲಾರಿ ಬೇಕರ್ ಎಂಬ ಶಿಲ್ಪಿ ರೂಪಿಸಿದ ಕಾಫಿ ಹೌಸ್ ಶಂಖದ ಹಾಗೆ ಸುರುಳಿ ಸುತ್ತಿ ಮೇಲೇರುತ್ತದೆ. ಅಲ್ಲಿಗೆ ಹೋದರೆ ತಪ್ಪದೆ ನೋಡಿ.

ಈ ಕಾಫಿ ಹೌಸುಗಳನ್ನು ಮೊದಲು ನಡೆಸುತ್ತಿದ್ದುದು ಕಾಫಿ ಮಂಡಳಿ. 1950ರ ದಶಕದಲ್ಲಿ ಮಂಡಳಿಯು ಅವುಗಳನ್ನು ಮುಚ್ಚಲು ನಿರ್ಧರಿಸಿತು. ಕೆಲಸಗಾರರು ಬೀದಿಗೆ ಬಿದ್ದರು. ಅಡುಗೆ ಮಾಡುವವರು, ಬಡಿಸುವವರು, ತಟ್ಟೆ ತೊಳೆಯುವವರು ಎಲ್ಲರೂ. ಆಗ ಎ. ಕೆ. ಗೋಪಾಲನ್ ಅವರು, ನೀವೇ ಸೇರಿ ಸಹಕಾರಿ ಸಂಘ ಕಟ್ಟಿ ಕಾಫಿ ಹೌಸುಗಳನ್ನು ನಡೆಸಿರಿ ಎಂದು ಅವರಿಗೆ ಧೈರ್ಯ ತುಂಬಿದರು. ಗೋಪಾಲನ್ ಅವರು 1957ರಲ್ಲಿ ನಮ್ಮ ಕಾಸರಗೋಡಿನಿಂದಲೇ ಲೋಕಸಭೆಗೆ ಆರಿಸಿಹೋದವರು. 1957ರಲ್ಲಿ ಬೆಂಗಳೂರಿನಲ್ಲಿ ಕೆಲಸಗಾರರ ಸಂಘ ಹುಟ್ಟಿತು. 1958ರಲ್ಲಿ ತೃಶ್ಶೂರಿನಲ್ಲಿ, ಆಮೇಲೆ ತಲಶ್ಶೇರಿಯಲ್ಲಿ ಕಾಫಿ ಹೌಸ್ ತೆರೆಯಿತು.

ಅಲ್ಲಿ ಯಜಮಾನರು ಯಾರು? ಕೆಲಸಗಾರರೇ. ಸಂಘದ ಆಡಳಿತ ಮಂಡಳಿಯನ್ನು ಅವರೇ ಮತ ಹಾಕಿ ಆರಿಸುತ್ತಾರೆ. ತಟ್ಟೆ ತೊಳೆಯುವವನಿಗೂ ಒಂದು ಮತ. ಮತ ಕೊಟ್ಟವನಿಗೆ ಪ್ರಶ್ನೆ ಕೇಳುವ ಹಕ್ಕೂ ಇರುತ್ತದೆ. ಇಂತಹ ಕಡೆ ಜಗಳವಿಲ್ಲ ಎಂದು ತಿಳಿಯಬೇಡಿ. ಚುನಾವಣೆ ಇದ್ದಲ್ಲಿ ಪಂಗಡಗಳೂ ಇರುತ್ತವೆ, ಸಭೆಯಲ್ಲಿ ಏರುದನಿಯೂ ಕೇಳುತ್ತದೆ. ಆದರೂ ಮಂಡಳಿಯು ಮುಚ್ಚಲು ಹೊರಟಿದ್ದನ್ನು ಅವರು ಅರುವತ್ತಕ್ಕೂ ಹೆಚ್ಚು ವರ್ಷ ನಡೆಸಿಕೊಂಡು ಬಂದಿದ್ದಾರೆ.

ಇನ್ನು ಲೀಡರನ್ನು ಆರಿಸುವ ವಿಷಯ. ಎತ್ತರದವನು, ಗಟ್ಟಿ ಸ್ವರದವನು, ಹೆಚ್ಚು ಅಂಕ ಪಡೆದವನು – ನಮ್ಮ ಕಣ್ಣು ಮೊದಲು ಇವರ ಮೇಲೆಯೇ ಬೀಳುತ್ತದೆ. ಕೆಲಸಕ್ಕೆ ಜನ ಆರಿಸುವ ದೊಡ್ಡವರೂ ಇದೇ ರೀತಿ ಮೋಸಹೋಗುತ್ತಾರೆ. ಸಂದರ್ಶನದಲ್ಲಿ ಚೆನ್ನಾಗಿ ಮಾತನಾಡಿದವನು ಕೆಲಸವನ್ನೂ ಚೆನ್ನಾಗಿ ಮಾಡುತ್ತಾನೆಂದು ನಂಬುತ್ತಾರೆ. ಒಂದು ವಾರ ಕೆಲಸ ಮಾಡಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಕೆಲವು ಶಾಲೆಗಳಲ್ಲಿ ಲೀಡರು ಯಾವಾಗಲೂ ಹುಡುಗ, ಉಪ ಲೀಡರು ಹುಡುಗಿ. ಇದನ್ನು ಯಾರು ನಿಯಮ ಮಾಡಿದರೋ ತಿಳಿಯದು.

ಲೀಡರಿಗೆ ಮಾಡಲು ಬೇಕಾದಷ್ಟು ಕೆಲಸವಿದೆ. ಮೂರು ದಿನದಿಂದ ಬಾರದ ಗೆಳತಿಗೆ ಏನಾಗಿದೆ ಎಂದು ವಿಚಾರಿಸಬೇಕು. ನೀರಿನ ನಳ್ಳಿ ಸೋರುತ್ತಿದ್ದರೆ ಹೆಡ್‌ಮಾಸ್ಟರರಿಗೆ ತಿಳಿಸಬೇಕು. ಮಧ್ಯಾಹ್ನದ ಊಟದ ಸಾಂಬಾರಿಗೆ ಉಪ್ಪು ಹೆಚ್ಚಾಗಿದ್ದರೆ ಅಡುಗೆಯವರ ಮನಸ್ಸು ನೋಯದಂತೆ ಹೇಳಬೇಕು. ಇದು ಸುಲಭವಲ್ಲ! ‘ಟೀಚರೇ, ನಿನ್ನೆಯ ಪಾಠ ಹಿಂದಿನ ಬೆಂಚಿನವರಿಗೆ ಅರ್ಥವಾಗಿಲ್ಲ’ ಎಂದು ಎಲ್ಲರ ಪರವಾಗಿ ಎದ್ದು ನಿಲ್ಲಬೇಕು. ಅದಕ್ಕೆ ಸೀಮೆಸುಣ್ಣ ಬೇಡ, ಸ್ವಲ್ಪ ಧೈರ್ಯ ಬೇಕು.

ಹೆಸರು ಬರೆಯದಿದ್ದರೆ ತರಗತಿ ಸಂತೆಯಾಗುತ್ತದೆ ಎಂದು ಕೆಲವು ಅಧ್ಯಾಪಕರು ಹೇಳುತ್ತಾರೆ. ಮೊದಲ ವಾರ ಹಾಗೆ ಆಗಬಹುದು. ಆದರೆ ತಿಂಗಳಿಗೊಬ್ಬರಂತೆ ಲೀಡರು ಬದಲಾದರೆ, ಇಂದು ಗಲಾಟೆ ಮಾಡುವವನು ನಾಳೆ ತಾನೇ ಮುಂದೆ ನಿಂತು ಎಲ್ಲರನ್ನೂ ಸುಮ್ಮನಿರಿಸಬೇಕಾಗುತ್ತದೆ. ಆಗ ಅವನಿಗೂ ಕಷ್ಟ ತಿಳಿಯುತ್ತದೆ. ಮೊದಲ ತಿಂಗಳು ಕೊನೆಯ ಬೆಂಚಿನಿಂದಲೇ ಆರಂಭವಾಗಲಿ.

ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಾಗಿರಬಹುದು. ಹಾಗಿದ್ದರೆ ಕಾರಣಗಳೊಂದಿಗೆ ಬರೆಯಿರಿ, ತರಗತಿಯಲ್ಲಿ ಗಟ್ಟಿಯಾಗಿ ಓದಿರಿ.