‘ಉದ್ಭವಿಸುವುದಿಲ್ಲ’

ಶಾಸನಸಭೆಗಳ ಅಧಿವೇಶನ ನಡೆದಿರುವಾಗ ವೃತ್ತಪತ್ರಗಳ ದೊಡ್ಡಕ್ಷರಗಳೆಲ್ಲ ಗದ್ದಲಕ್ಕೇ ಮೀಸಲಾಗುವವು. ಯಾರು ಸಭಾತ್ಯಾಗ ಮಾಡಿದರು, ಯಾರು ಯಾರ ಮೇಲೆ ಹರಿಹಾಯ್ದರು ಎಂಬ ಸುದ್ದಿಯನ್ನು ವಾಚಕರು ಚಹದೊಡನೆ ಸವಿದು ಪತ್ರವನ್ನು ಮಡಿಚಿಡುವರು. ಆದರೆ ಅದೇ ದಿನ ಸಭೆಯ ಮೇಜಿನ ಮೇಲೆ ಯಾವ ಸದ್ದೂ ಇಲ್ಲದೆ ಬಂದು ಕೂಡ್ರುವ ಕಾಗದದ ಕಟ್ಟೊಂದು ಉಂಟು. ಸದಸ್ಯರು ಬರೆದು ಕೇಳಿದ ಪ್ರಶ್ನೆಗಳಿಗೆ ಮಂತ್ರಿಗಳು ಬರೆದು ಕೊಟ್ಟ ಉತ್ತರಗಳ ಕಟ್ಟು ಅದು. ಲೋಕಸಭೆಯಲ್ಲಿ ಒಂದು ದಿನಕ್ಕೆ ಬಾಯಿಮಾತಿನ ಉತ್ತರಕ್ಕಾಗಿ ನಮೂದಾಗುವ ಚುಕ್ಕೆ ಗುರುತಿನ ಪ್ರಶ್ನೆಗಳು 20. ಬರಹದ ಉತ್ತರಕ್ಕಾಗಿ ನಮೂದಾಗುವ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು 230. ಆ ಇಪ್ಪತ್ತರಲ್ಲಿಯೂ ಸಭೆಯಲ್ಲಿ ನಿಜವಾಗಿ ಚರ್ಚೆಗೆ ಬರುವವು ಕೆಲವೇ. ಉಳಿದುದೆಲ್ಲ ಬರಹವೇ. 2020ರ ಸಪ್ಟಂಬರಿನಲ್ಲಿ ಸಾಂಕ್ರಾಮಿಕದ ಕಾರಣದಿಂದ ಸಂಸತ್ತಿನಲ್ಲಿ ಪ್ರಶ್ನೋತ್ತರದ ವೇಳೆಯನ್ನೇ ಕೈಬಿಟ್ಟಾಗ ಕೂಡ ಲಿಖಿತ ಉತ್ತರಗಳ ಪದ್ಧತಿಯೊಂದು ಉಳಿದುಕೊಂಡಿತು. ರಸ್ತೆ, ಶಾಲೆ, ಮೀನುಗಾರಿಕೆ, ಅರಣ್ಯ, ಸೈನ್ಯ, ರೈಲ್ವೆ ಎಂದು ಸರಕಾರದ ಯಾವ ಖಾತೆಯೂ ಈ ಕಟ್ಟಿನ ಹೊರಗೆ ಉಳಿಯುವದಿಲ್ಲ. ಆದರೂ ಇದನ್ನು ಬಿಚ್ಚಿ ಓದುವವರು ಎಷ್ಟು ಜನ?

ಈ ಹಕ್ಕು ದಾನವಾಗಿ ಬಂದದ್ದಲ್ಲ. 1861ರ ಕಾಯಿದೆಯ ಕೌನ್ಸಿಲುಗಳಲ್ಲಿ ಸರಕಾರವನ್ನು ಪ್ರಶ್ನಿಸುವ ಅಧಿಕಾರ ಯಾವ ಸದಸ್ಯನಿಗೂ ಇರಲಿಲ್ಲ. 1892ರ ಕಾಯಿದೆಯಿಂದ ಅದು ದೊರೆತಾಗ, 1893ರಲ್ಲಿ ವೈಸರಾಯರ ಕೌನ್ಸಿಲಿನಲ್ಲಿ ಭಿಂಗಾ ಸಂಸ್ಥಾನದ ರಾಜರು ಮೊದಲನೆಯ ಪ್ರಶ್ನೆಯನ್ನು ಕೇಳಿದರು. ಅದು ಯಾವ ದೊಡ್ಡ ರಾಜಕಾರಣದ ಪ್ರಶ್ನೆಯೂ ಆಗಿರಲಿಲ್ಲ. ಅಧಿಕಾರಿಗಳು ಸವಾರಿ ಬಂದಾಗ ಅವರ ಬಿಡಾರಕ್ಕೆ ಸಾಮಾನು ಒದಗಿಸುವ ಹಳ್ಳಿಯ ಅಂಗಡಿಕಾರರಿಗಾಗುವ ತೊಂದರೆಯ ಬಗೆಗೆ ಕೇಳಿದ ಪ್ರಶ್ನೆ ಅದು. ಉತ್ತರ ಬಂದಮೇಲೆ ಅದರ ಮೇಲೊಂದು ಉಪಪ್ರಶ್ನೆ ಕೇಳುವ ಅನುಮತಿ ದೊರೆಯಲು 1909ರ ಸುಧಾರಣೆಗಳವರೆಗೆ ಕಾಯಬೇಕಾಯಿತು. ಅದೂ ಮೂಲ ಪ್ರಶ್ನೆ ಕೇಳಿದವನಿಗೆ ಮಾತ್ರ. ಹಳ್ಳಿಯ ಅಂಗಡಿಕಾರನ ಅಳಲಿನಿಂದ ಈ ದೇಶದ ಪ್ರಶ್ನೋತ್ತರದ ಇತಿಹಾಸ ಪ್ರಾರಂಭವಾಯಿತೆಂಬುದು ನಮಗಂತೂ ಬಹಳ ಮೆಚ್ಚಿಗೆಯ ಸಂಗತಿ.

ನಮ್ಮ ಜಿಲ್ಹೆಗೆ ಇದರಲ್ಲಿ ಇನ್ನೊಂದು ತೊಡಕಿತ್ತು. 1862ರಲ್ಲಿ ಮದ್ರಾಸದಿಂದ ಕಿತ್ತು ಮುಂಬಯಿ ಇಲಾಖೆಗೆ ಅಂಟಿಸಿದ ಉತ್ತರ ಕನ್ನಡದ ಅಳಲು ಮುಂಬಯಿಯ ಕೌನ್ಸಿಲಿಗೆ ಮುಟ್ಟಬೇಕಾದರೆ ಮೊದಲು ಇಂಗ್ಲಿಷಿಗೆ ತಿರುಗಬೇಕು. ಉತ್ತರವೂ ಇಂಗ್ಲಿಷಿನಲ್ಲಿಯೇ ಬರಬೇಕು. ಅಂಕೋಲೆಯ ರೈತನ ಮಾತನ್ನು ಅಂಕೋಲೆಯ ರೈತನಿಗೇ ಓದಿ ಹೇಳಲು ಮತ್ತೊಬ್ಬ ವಕೀಲ ಬೇಕಾಗುತ್ತಿದ್ದನು. ವಕೀಲರಿಗೆ ಇದರಿಂದ ನಷ್ಟವೇನೂ ಇರಲಿಲ್ಲವೆನ್ನಿ! 1956ರ ನವಂಬರ 1ರಂದು ಕನ್ನಡ ನಾಡು ಒಂದಾದಮೇಲೆ ಈ ಸ್ಥಿತಿಯು ಬದಲಾಯಿತು. ಇಂದು ಬೆಂಗಳೂರಿನ ವಿಧಾನಸಭೆಯ ಉತ್ತರಪತ್ರವು ಕನ್ನಡದಲ್ಲಿ ಬರುವದು. ಎಡಗಡೆಗೆ ಪ್ರಶ್ನೆ, ಬಲಗಡೆಗೆ ಉತ್ತರ, ಕೆಳಗೆ ಕಡತದ ಸಂಖ್ಯೆ, ಮಂತ್ರಿಗಳ ರುಜು. ಏಕೀಕರಣದಿಂದ ನಮಗೇನು ದೊರೆಯಿತೆಂದು ಮೂಗು ಮುರಿಯುವವರಿಗೆ ಈ ಒಂದು ಹಾಳೆಯನ್ನು ತೋರಿಸಿದರೆ ಸಾಕು. ತೋಡೂರಿನ ಶಾಲೆಯ ಮಾಸ್ತರರು ಯಾರ ಹಂಗೂ ಇಲ್ಲದೆ ಅದನ್ನು ಓದಬಲ್ಲರು.

ಓದಿದರೆ ಕಾಣುವದೇನು? ಎಡಗಡೆಗೆ ‘(ಅ) ಇಂಥ ಊರಿನಲ್ಲಿ ಇಂಥ ತೊಂದರೆಯಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದಿರುವದು. ಬಲಗಡೆಗೆ ‘ಬಂದಿದೆ’ ಎಂಬ ಒಂದೇ ಶಬ್ದ. ‘(ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂದರೆ ‘ಪ್ರಸ್ತಾವನೆಯು ಪರಿಶೀಲನೆಯಲ್ಲಿರುತ್ತದೆ.’ ‘(ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು?’ ಎಂದರೆ ‘ಉದ್ಭವಿಸುವುದಿಲ್ಲ.’ ಈ ಕೊನೆಯ ಶಬ್ದವು ಕಚೇರಿಯ ಕನ್ನಡಕ್ಕೆ ಸಿಕ್ಕ ದೊಡ್ಡ ಆಸರೆ. ಕೇಳಿದವನ ಊರಿನಲ್ಲಿ ನೀರಿಲ್ಲದಿರಬಹುದು, ದಾರಿ ಇಲ್ಲದಿರಬಹುದು. ಪ್ರಶ್ನೆ ಮಾತ್ರ ಉದ್ಭವಿಸುವದಿಲ್ಲ.

ದಿವಾಣಿ ಕೋರ್ಟಿನಲ್ಲಿ ಪ್ರತಿವಾದಿಯು ಇಂಥ ಕೈಫಿಯತ್ತನ್ನು ಕೊಟ್ಟರೆ ಏನಾಗುವದು? 1908ರ ಸಿವಿಲ್ ಪ್ರೊಸೀಜರ್ ಕೋಡಿನ ಎಂಟನೆಯ ಆರ್ಡರು ಇದನ್ನು ಸ್ಪಷ್ಟವಾಗಿ ಹೇಳಿದೆ. ವಾದಿಯ ಒಂದೊಂದು ಮಾತಿಗೂ ಪ್ರತಿವಾದಿಯು ಪ್ರತ್ಯೇಕವಾಗಿ ಉತ್ತರ ಕೊಡಬೇಕು. ನಿರಾಕರಿಸುವದಿದ್ದರೆ ಮೂಲಕ್ಕೆ ಕೈ ಹಾಕಿ ನಿರಾಕರಿಸಬೇಕೇ ಹೊರತು ನುಣುಚಿಕೊಳ್ಳಲಾಗದು. ಸ್ಪಷ್ಟವಾಗಿ ನಿರಾಕರಿಸದ ಮಾತನ್ನು ಒಪ್ಪಿದಂತೆಯೇ ಎಣಿಸಲಾಗುವದು. ಐದು ನೂರು ರೂಪಾಯಿಯ ಸಾಲದ ದಾವೆಯಲ್ಲಿ ಬಡ ಪ್ರತಿವಾದಿಗೆ ಅನ್ವಯಿಸುವ ಈ ನಿಯಮವು ಕೋಟ್ಯವಧಿ ರೂಪಾಯಿಗಳ ಬೊಕ್ಕಸವನ್ನು ಕೈಯಲ್ಲಿ ಹಿಡಿದ ಸರಕಾರಕ್ಕೆ ಅನ್ವಯಿಸುವದಿಲ್ಲವೆಂಬುದು ವಿಚಿತ್ರವಲ್ಲವೆ? ಆದರೆ ದೋಷವನ್ನೆಲ್ಲ ಮಂತ್ರಿಗಳ ಮೇಲೆಯೇ ಹೊರಿಸುವದು ನ್ಯಾಯವಾಗಲಾರದು. ದಾವೆಯ ಅರ್ಜಿಯು ಸಡಿಲಾಗಿದ್ದರೆ ಕೈಫಿಯತ್ತೂ ಸಡಿಲಾಗುವದು. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳುವವನು ‘ಬಂದಿದೆ’ ಎಂಬ ಉತ್ತರಕ್ಕೆ ತಾನೇ ಬಾಗಿಲು ತೆರೆದುಕೊಟ್ಟಂತೆ.

ಈ ಮಾತಿನ ನಿಜವನ್ನು ತೋಡೂರಿನಲ್ಲಿ ನಿಂತು ನೋಡಬೇಕು. ಕಾರವಾರ-ಅಂಕೋಲೆಗಳ ನಡುವಿನ ಈ ಸೀಮೆಗೆ ದೇಶಕ್ಕಾಗಿ ನೆಲ ಕಳೆದುಕೊಳ್ಳುವದು ಹೊಸದಲ್ಲ. 1930ರ ಉಪ್ಪಿನ ಸತ್ಯಾಗ್ರಹವೂ ಅದರ ಹಿಂದೆಯೇ ಬಂದ ಕರನಿರಾಕರಣೆಯೂ ಅಂಕೋಲೆಯ ಹೆಸರನ್ನು ನಾಡಿನ ಮೂಲೆಮೂಲೆಗೆ ಒಯ್ದವು. ಕರ ಕೊಡದ ರೈತರ ಹೊಲಗದ್ದೆಗಳನ್ನು ಸರಕಾರ ಜಪ್ತು ಮಾಡಿತು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಸರಕಾರವು ಹಾಗೆ ಹೋದ ನೆಲವನ್ನು ಮರಳಿ ಕೊಡಿಸಲು ಕ್ರಮ ಕೈಕೊಂಡಿತು. ಎರಡನೆಯ ಸಾರೆ ಹೋದ ನೆಲ ಮರಳಿ ಬರುವಂಥದಲ್ಲ. 1986ರ ಅಕ್ಟೋಬರ 24ರಂದು ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಇಲ್ಲಿ ಸೀಬರ್ಡ್ ನೌಕಾನೆಲೆಗೆ ಅಸ್ತಿಭಾರ ಹಾಕಿದರು. 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಿಂದ ಕೆಲಸಕ್ಕೆ ತೊಡಗಿತು. ಎರಡೂ ತಾಲೂಕುಗಳ ಕಡಲತಡಿಯ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಮನೆ, ತೆಂಗಿನ ತೋಟ, ದೋಣಿ ಎಳೆದು ನಿಲ್ಲಿಸುವ ಮರಳದಂಡೆ ಬಿಟ್ಟು ಎದ್ದವು. ಹೀಗೆ ಎದ್ದವರಿಗಾಗಿ ವಸತಿ ಹಾಕಿದ ಊರುಗಳಲ್ಲಿ ತೋಡೂರೂ ಒಂದು. ಕದಂಬರ ಹೆಸರು ಹಡಗುನೆಲೆಗೆ ಬಂದದ್ದು ಕನ್ನಡಿಗರಾದ ನಮಗೆ ಅಭಿಮಾನವೇ. ದೇಶರಕ್ಷಣೆಗೆ ಬೇಕಾದ ನೆಲವನ್ನು ಕೊಡಬಾರದಿತ್ತೆಂದು ಈ ಸೀಮೆಯವರು ಹೇಳಿದವರೂ ಅಲ್ಲ. ಕೊಟ್ಟುದರ ಬೆಲೆಯನ್ನು ಕೇಳಿದವರು.

ಆದರೆ ಯಾರನ್ನು ಕೇಳಬೇಕು? ನೆಲವನ್ನು ಬಳಸುವದು ದಿಲ್ಲಿಯ ರಕ್ಷಣಾ ಖಾತೆ. ಅಳೆದು ಸ್ವಾಧೀನಪಡಿಸಿದ್ದು ರಾಜ್ಯದ ಕಂದಾಯ ಖಾತೆ. ಪರಿಹಾರದ ಹಣ ಬರಬೇಕಾದದ್ದು ಅಲ್ಲಿಂದ, ಹಂಚಬೇಕಾದದ್ದು ಇಲ್ಲಿ. ವಸತಿಯ ಮುಂದಿನ ರಾಷ್ಟ್ರೀಯ ಹೆದ್ದಾರಿ ಒಬ್ಬ ಮಂತ್ರಿಯದು, ಹಿಂದಿನ ಕಾಡು ಮತ್ತೊಬ್ಬನದು, ಕಡಲಿನ ಮೀನು ಮೂರನೆಯವನದು. ಒಂದೇ ಮನೆಯ ಒಂದೇ ಅಳಲು ಎರಡು ಸರಕಾರಗಳ ಐದಾರು ಮೇಜುಗಳಿಗೆ ಹಂಚಿಹೋಗಿದೆ. ಬೆಂಗಳೂರಿನಲ್ಲಿ ಕೇಳಿದರೆ ಇದು ಕೇಂದ್ರಕ್ಕೆ ಸಂಬಂಧಿಸಿದ್ದೆಂದೂ, ದಿಲ್ಲಿಯಲ್ಲಿ ಕೇಳಿದರೆ ಇದು ರಾಜ್ಯದ ಅಧಿಕಾರಿಗಳ ಕೆಲಸವೆಂದೂ ಹೇಳಿ ಕೈ ತೊಳೆದುಕೊಳ್ಳಲು ಸುಲಭ. ಈಚೆಗೆ ಅಲಗೇರಿ, ಬೇಲೆಕೇರಿ, ಭಾವಿಕೇರಿಗಳಲ್ಲಿ ನಾಗರಿಕ ವಿಮಾನನಿಲ್ದಾಣಕ್ಕಾಗಿ ನೆಲ ತೆಗೆದುಕೊಳ್ಳುವ ಮಾತು ಬಂದಮೇಲೆ ಈ ಮೇಜುಗಳ ಸಾಲಿಗೆ ಇನ್ನೊಂದು ಮೇಜು ಸೇರಿತು.

ಇದಕ್ಕೂ ಮಿಗಿಲಾದ ಅಡ್ಡಿಯೊಂದಿದೆ. ನ್ಯಾಯಾಲಯದ ವಿಚಾರಣೆಯಲ್ಲಿರುವ ಸಂಗತಿಯ ಬಗೆಗೆ ಪ್ರಶ್ನೆ ಕೇಳಲಾಗದೆಂದು ಲೋಕಸಭೆಯ ನಿಯಮ. ನೆಲದ ಬೆಲೆಯ ತಕರಾರುಗಳು ವರ್ಷಾನುವರ್ಷ ಕೋರ್ಟುಗಳಲ್ಲಿ ನಡೆದುದರಿಂದ ‘ನಿರಾಶ್ರಿತರಿಗೆ ಸರಿಯಾದ ಬೆಲೆ ಸಿಕ್ಕಿದೆಯೇ’ ಎಂಬ ಪ್ರಶ್ನೆಯು ಹೊಸ್ತಿಲಲ್ಲಿಯೇ ಎಡವುವದು. ಆದರೆ ಜಾಣನಾದವನು ಬೇರೆ ಬಾಗಿಲಿನಿಂದ ಒಳಗೆ ಹೋಗಬಹುದು. 1894ರ ಭೂಸ್ವಾಧೀನದ ಕಾಯಿದೆಗೆ 1984ರಲ್ಲಿ 28-ಎ ಎಂಬ ಕಲಮನ್ನು ಸೇರಿಸಿದ್ದರು. ನೆರೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ಬೆಲೆ ಪಡೆದರೆ, ಕೋರ್ಟಿಗೆ ಹೋಗಲಾರದ ಬಡವನೂ ಆ ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ದರವನ್ನು ಬೇಡಬಹುದೆಂಬುದು ಅದರ ತಾತ್ಪರ್ಯ. ಸೀಬರ್ಡ್ ನಿರಾಶ್ರಿತರು ಬಹುಕಾಲ ಕಾದದ್ದು ಈ ಕಲಮಿನ ಅರ್ಜಿಗಳ ಬೆನ್ನು ಹತ್ತಿಯೇ. ಹೀಗಿರಲು ಕೇಳಬೇಕಾದದ್ದು ಬೆಲೆ ಸರಿಯೇ ಎಂದಲ್ಲ. ಈ ಕಲಮಿನ ಕೆಳಗೆ ಬಂದ ಅರ್ಜಿಗಳು ಎಷ್ಟು, ಇತ್ಯರ್ಥವಾದವು ಎಷ್ಟು, ಅಂತಿಮವಾದ ತೀರ್ಪುಗಳ ಮೇಲೆ ರಕ್ಷಣಾ ಖಾತೆಯು ಯಾವ ತಾರೀಖಿಗೆ ಎಷ್ಟು ಹಣ ಕಳಿಸಿತು, ಅದರಲ್ಲಿ ಹಂಚಿದ್ದೆಷ್ಟು, ಉಳಿದದ್ದು ಯಾವ ಲೆಕ್ಕದಲ್ಲಿ ಬಿದ್ದಿದೆ, ಗ್ರಾಮವಾರು ವಿವರ ಕೊಡುವಿರಾ ಎಂದು ಕೇಳಬೇಕು. ತೀರಿಹೋದ ದಾವೆಯಲ್ಲಿ ವಿಚಾರಣೆಯ ಅಡ್ಡಿಯಿಲ್ಲ. ತಾರೀಖು ಮತ್ತು ಅಂಕಿಯನ್ನು ಕೇಳಿದಲ್ಲಿ ‘ಉದ್ಭವಿಸುವುದಿಲ್ಲ’ ಎಂಬ ಶಬ್ದಕ್ಕೆ ಎಡೆಯಿಲ್ಲ. ಅಲ್ಲದೆ ಇದೇ ಪ್ರಶ್ನೆಯನ್ನು ಅದೇ ತಿಂಗಳಲ್ಲಿ ಎರಡೂ ಸಭೆಗಳಲ್ಲಿ ಕೇಳಿಸಬೇಕು. ದಿಲ್ಲಿ ಕಳಿಸಿದೆನೆಂದ ಹಣವೂ ಬೆಂಗಳೂರು ತಲಪಿತೆಂದ ಹಣವೂ ಒಂದೇ ಮೊತ್ತವಾಗದಿದ್ದರೆ ಎರಡು ಉತ್ತರಗಳೂ ಒಂದಕ್ಕೊಂದು ಸಾಕ್ಷಿ ನುಡಿಯುವವು.

ಲಿಖಿತ ಉತ್ತರದ ಮೇಲೆ ಉಪಪ್ರಶ್ನೆಯಿಲ್ಲವೆಂದು ಸದಸ್ಯರು ಕೈಚೆಲ್ಲುವದುಂಟು. ಇದು ಪೂರ್ತಿ ನಿಜವಲ್ಲ. ಲೋಕಸಭೆಯ ನಿಯಮಗಳಲ್ಲಿ ಚುಕ್ಕೆಯಿಲ್ಲದ ಪ್ರಶ್ನೆಯ ಉತ್ತರದಿಂದಲೂ ಅರ್ಧ ಗಂಟೆಯ ಚರ್ಚೆಯನ್ನು ಬೇಡಬಹುದು. ಮಂತ್ರಿಯು ‘ಮಾಹಿತಿಯನ್ನು ಸಂಗ್ರಹಿಸಿ ಮೇಜಿನ ಮೇಲೆ ಇಡುವೆನು’ ಎಂದರೆ ಅದು ಭರವಸೆಯ ಲೆಕ್ಕಕ್ಕೆ ಸೇರುವದು. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರಿತೋ ಇಲ್ಲವೋ ನೋಡಲು ಭರವಸೆಗಳ ಸಮಿತಿಯೊಂದು 1953ರಿಂದಲೂ ಇದೆ. ನಮ್ಮ ವಿಧಾನಮಂಡಲದಲ್ಲಿಯೂ ಅಂಥ ಸಮಿತಿಗಳುಂಟು. ಬೆನ್ನು ಬಿಡದ ಪ್ರಶ್ನೆಯಿಂದ ಏನಾಗಬಹುದೆಂಬುದನ್ನು 1957ರಲ್ಲಿ ದೇಶವೇ ನೋಡಿತು. ಜೀವವಿಮಾ ನಿಗಮದ ಹಣದಿಂದ ಮುಂಧ್ರಾ ಕಂಪನಿಗಳ ಶೇರು ಕೊಂಡ ಸಂಗತಿಯನ್ನು ಸಭೆಯಲ್ಲಿ ಫಿರೋಜ ಗಾಂಧಿಯವರು ಆಳುವ ಪಕ್ಷದವರಾಗಿದ್ದೂ ಬೆನ್ನಟ್ಟಿದರು. 1958ರ ಫೆಬ್ರುವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು.

ಭಾಷೆಯ ಮಾತನ್ನು ಇನ್ನೊಮ್ಮೆ ಎತ್ತದೆ ವಿಧಿಯಿಲ್ಲ. 1967ರಲ್ಲಿ ಶಿವಮೊಗ್ಗೆಯಿಂದ ಆರಿಸಿಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೊಸ ದಾರಿ ಹಾಕಿದರು. ಅದೇ ಸಭೆಯಲ್ಲಿ ನಮ್ಮ ಜಿಲ್ಹೆಯ ಪ್ರತಿನಿಧಿಗಳಾಗಿ ಅಂಕೋಲೆ ಸೀಮೆಯವರೇ ಆದ ದಿನಕರ ದೇಸಾಯಿಯವರು ಕುಳಿತಿದ್ದರು. ಸಭೆಯಲ್ಲಿ ಕನ್ನಡದ ದನಿಗೆ ಎಡೆಯಾಯಿತು. ಮೇಜಿನ ಮೇಲಿನ ಉತ್ತರಕ್ಕೆ ಮಾತ್ರ ಕನ್ನಡ ಬರಲಿಲ್ಲ. ದಿಲ್ಲಿಯ ಮಂತ್ರಿಗಳ ಅಧಿಕೃತ ಉತ್ತರಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೊರಡುವವು. ತೋಡೂರಿನ ವಿಧವೆಯೊಬ್ಬಳ ತೋಟದ ಬೆಲೆಯ ಬಗೆಗೆ ಬಂದ ಉತ್ತರವನ್ನು ಅವಳು ಓದಲಾರಳು, ಅವಳ ಮಗನು ಅರ್ಧ ಓದಿಯಾನು. ಆ ಮಟ್ಟಿಗೆ ನಾವು ಇನ್ನೂ 1956ರ ಹಿಂದೆಯೇ ನಿಂತಿದ್ದೇವೆ. ಒಂದು ರಾಜ್ಯದ ಜನರ ನೆಲ-ನೀರಿಗೆ ಸಂಬಂಧಿಸಿದ ಉತ್ತರವನ್ನು ಆ ರಾಜ್ಯದ ಭಾಷೆಯಲ್ಲಿಯೂ ಕೊಡತಕ್ಕದ್ದೆಂದು ನಮ್ಮ ಸಂಸತ್ಸದಸ್ಯರೆಲ್ಲರೂ ಪಕ್ಷಭೇದವಿಲ್ಲದೆ ಹಟ ಹಿಡಿಯಬೇಕು.

ಅಲ್ಲಿಯವರೆಗೆ ಕೆಲಸ ನಮ್ಮ ಕೈಯಲ್ಲಿಯೂ ಇದೆ. ಎರಡೂ ಸಭೆಗಳ ಉತ್ತರಗಳು ಇಂದು ಅಂತರ್ಜಾಲದಲ್ಲಿ ಯಾರಿಗಾದರೂ ದೊರೆಯುವವು. ಕಾರವಾರ, ಅಂಕೋಲೆಗಳ ಮಾಸ್ತರರಲ್ಲಿ ಇಬ್ಬರು-ಮೂವರು ಕೂಡಿ, ಅಧಿವೇಶನ ಮುಗಿದ ವಾರದಲ್ಲಿ ನಮ್ಮ ಜಿಲ್ಹೆಯ ಹೆಸರಿರುವ ಉತ್ತರಗಳನ್ನು ಆರಿಸಿ, ದಿಲ್ಲಿಯವನ್ನು ಕನ್ನಡಿಸಿ, ಪಂಚಾಯತಿಯ ವಾಚನಾಲಯದ ಗೋಡೆಗೆ ಅಂಟಿಸಲಿ. ಪಕ್ಕದಲ್ಲಿ ಒಂದು ವಹಿಯನ್ನಿಟ್ಟು ಮಂತ್ರಿಯ ಭರವಸೆ, ಅದರ ತಾರೀಖು, ಮೂರು ತಿಂಗಳು ತುಂಬುವ ದಿನ ಬರೆದಿಡಲಿ. ಊರಿನ ವಕೀಲರು ವಾರಕ್ಕೊಂದು ಸಂಜೆ ಬಂದು ಮುಂದಿನ ಪ್ರಶ್ನೆಯ ಕರಡು ತಿದ್ದಿಕೊಡಲಿ. ಲೋಕಸಭೆಗೆ ಪ್ರಶ್ನೆಯ ಸೂಚನೆ ಕೊಡಲು ಪೂರ್ಣ 15 ದಿನಗಳ ಮುಂಗಡ ಬೇಕು, ಪ್ರಶ್ನೆಯು 150 ಶಬ್ದಗಳನ್ನು ಮೀರಬಾರದು. ಅಧಿವೇಶನದ ತಾರೀಖು ಪ್ರಕಟವಾದ ದಿನವೇ ಕರಡು ಪ್ರತಿನಿಧಿಗಳ ಕೈ ಸೇರಬೇಕು.