ಎರಡೂ ದೀಪ ಒಟ್ಟಿಗೆ ಹತ್ತಬೇಕು

ಮಕ್ಕಳೇ,

ಹೋದ ವಾರ ಊಟಕ್ಕೆ ಕೂತಾಗ ನನ್ನ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. "ಅಜ್ಜಾ, ಪಕ್ಕದ ಮನೆ ಅಂಕಲ್ ಕಾರಿನ ಬ್ಯಾಟರಿ ಹೋಗಿ ನಾವೆಲ್ಲ ತಳ್ಳಿದ್ವಲ್ಲ, ಆಕಾಶದಲ್ಲಿ ವಿಮಾನದ ಬ್ಯಾಟರಿ ಹೋದರೆ ಯಾರು ತಳ್ತಾರೆ?" ಅವಳ ಅಜ್ಜಿ ನಕ್ಕರು. ನಾನು ನಗಲಿಲ್ಲ. ವಿಮಾನ ಹಾರಿಸಲು ಕಲಿಸುವ ಶಾಲೆಯೊಂದರಲ್ಲಿ ಬಹಳ ವರ್ಷ ಮೆಕ್ಯಾನಿಕ್ ಆಗಿದ್ದವನು ನಾನು. ಅದು ನಗುವ ಪ್ರಶ್ನೆಯಲ್ಲ, ಒಳ್ಳೆಯ ಪ್ರಶ್ನೆ.

ಉತ್ತರ ಇಷ್ಟೇ: ಸೆಸ್ನಾ 172ರಂಥ ಸಣ್ಣ ವಿಮಾನದ ಎಂಜಿನ್ ಒಮ್ಮೆ ಶುರುವಾದ ಮೇಲೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹಚ್ಚುವ ವಿದ್ಯುತ್ತನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಆ ಕೆಲಸ ಮಾಡುವ ಡಬ್ಬಿಗೆ ಮ್ಯಾಗ್ನೆಟೊ ಎಂದು ಹೆಸರು. ಅಜ್ಜ ಅಜ್ಜಿಯರಿಗೆ ಹಳೆಯ ಸೈಕಲ್ಲಿನ ಡೈನಮೊ ನೆನಪಿರುತ್ತದೆ. ಚಕ್ರ ತಿರುಗಿದರೆ ದೀಪ ಉರಿಯುತ್ತಿತ್ತು. ಮ್ಯಾಗ್ನೆಟೊ ಅದರದೇ ನೆಂಟ. ಒಳಗೆ ಅಯಸ್ಕಾಂತ ತಿರುಗುತ್ತದೆ, ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಪಾಯಿಂಟ್ ಬಿಚ್ಚಿಕೊಂಡ ಕ್ಷಣದಲ್ಲಿ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎಂಜಿನ್ನಿಗೆ ಎರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿಗೂ ಎರಡು ಪ್ಲಗ್.

ಕಿಡಿ ಬಂದರೆ ಸಾಲದು, ಸರಿಯಾದ ಹೊತ್ತಿಗೆ ಬರಬೇಕು. ಮಧ್ಯಾಹ್ನ 1 ಗಂಟೆಗೆ ಊಟವಾದರೆ ಅಜ್ಜಿ 1 ಗಂಟೆಗೆ ಒಲೆ ಹಚ್ಚುತ್ತಾರೆಯೇ? ಇಲ್ಲ, ಮುಂಚೆಯೇ ಅಕ್ಕಿ ಇಡುತ್ತಾರೆ. ಪೆಟ್ರೋಲು ಹೊತ್ತಿ ಪೂರ್ತಿ ಉರಿಯಲಿಕ್ಕೂ ಸ್ವಲ್ಪ ಹೊತ್ತು ಬೇಕು. ಅದಕ್ಕೇ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ನಾನು ಕೆಲಸ ಮಾಡುತ್ತಿದ್ದ ನಾಲ್ಕು ಸಿಲಿಂಡರಿನ ಲೈಕಾಮಿಂಗ್ ಎಂಜಿನ್ನಿಗೆ 25 ಡಿಗ್ರಿ ಮೊದಲು. ಎಂಜಿನ್ ಮೇಲಿನ ತಗಡಿನ ಪಟ್ಟಿಯಲ್ಲೇ ಅದನ್ನು ಕೊರೆದಿರುತ್ತಾರೆ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಆ 25 ಡಿಗ್ರಿ ದಾಟಲು ಎಷ್ಟು ಹೊತ್ತು ಗೊತ್ತೇ? ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲಿ 2 ಚೂರು ಕೂಡ ಇಲ್ಲ!

ಕಿಡಿ ತೀರ ಬೇಗ ಬಂದರೆ ಮೇಲೆ ಬರುತ್ತಿರುವ ಪಿಸ್ಟನ್ನನ್ನು ಬೆಂಕಿ ಎದುರಿನಿಂದ ಗುದ್ದುತ್ತದೆ, ಎಂಜಿನ್ ಕಾದು ಹಾಳಾಗುತ್ತದೆ. ತಡವಾಗಿ ಬಂದರೆ ಬಲವೆಲ್ಲ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ.

ಈ ಹೊತ್ತನ್ನು ಕೂಡಿಸುವುದಕ್ಕೆ ಟೈಮಿಂಗ್ ಸೆಟ್ ಮಾಡುವುದು ಎನ್ನುತ್ತೇವೆ. ಮೊದಲು ಪ್ರತಿ ಸಿಲಿಂಡರಿನ ಮೇಲಿನ ಪ್ಲಗ್ ಬಿಚ್ಚಬೇಕು. ಆಗ ಒಳಗೆ ಗಾಳಿ ಅದುಮುವುದಿಲ್ಲ, ಎಂಜಿನ್ ತಾನಾಗಿ ಹೊಡೆಯುವ ಭಯವಿಲ್ಲ. ಆಮೇಲೆ ಒಂದನೇ ಸಿಲಿಂಡರಿನ ತೂತಿಗೆ ಹೆಬ್ಬೆರಳು ಇಟ್ಟು, ಪ್ರೊಪೆಲ್ಲರನ್ನು ಅದು ತಿರುಗುವ ಕಡೆಗೇ ನಿಧಾನವಾಗಿ ತಿರುಗಿಸಬೇಕು. ಒಂದು ಹಂತದಲ್ಲಿ ಗಾಳಿ ಹೆಬ್ಬೆರಳನ್ನು ಒತ್ತುತ್ತದೆ. ಪಿಸ್ಟನ್ ಮೇಲೆ ಬರುತ್ತಿದೆ ಎಂದು ಅರ್ಥ. ಪ್ರೊಪೆಲ್ಲರಿನ ಹಿಂದಿನ ಹಲ್ಲುಚಕ್ರದ ಮೇಲೆ 25ರ ಗೆರೆ ಇರುತ್ತದೆ, ಸ್ಟಾರ್ಟರ್ ಮೇಲೆ ಒಂದು ಸಣ್ಣ ರಂಧ್ರ. ಗೆರೆ ಆ ರಂಧ್ರಕ್ಕೆ ಸರಿಯಾಗಿ ಬಂದಾಗ ನಿಲ್ಲಿಸಬೇಕು. ಎರಡು ಮ್ಯಾಗ್ನೆಟೊಗೂ ತಂತಿ ಸಿಕ್ಕಿಸಿದ ಟೈಮಿಂಗ್ ಲೈಟ್ ಎಂಬ ಡಬ್ಬಿ ಪಕ್ಕದಲ್ಲಿರುತ್ತದೆ. ಮ್ಯಾಗ್ನೆಟೊದ ನಟ್ಟು ಸಡಿಲಿಸಿ ಮೈಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದರೆ, ಪಾಯಿಂಟ್ ಬಿಚ್ಚಿಕೊಳ್ಳುವ ಜಾಗದಲ್ಲಿ ದೀಪ ಹತ್ತುತ್ತದೆ. ಅಲ್ಲೇ ನಟ್ಟು ಬಿಗಿಯಬೇಕು. ಇನ್ನೊಂದು ಮ್ಯಾಗ್ನೆಟೊಗೂ ಹೀಗೆಯೇ. ಕೊನೆಗೆ ಪ್ರೊಪೆಲ್ಲರನ್ನು ಹಿಂದಕ್ಕೆ ಒಯ್ದು ಮತ್ತೆ ಮುಂದಕ್ಕೆ ತಂದು ನೋಡಬೇಕು. ಗೆರೆಗೆ ಬಂದಾಗ ಎರಡೂ ದೀಪ ಒಟ್ಟಿಗೆ ಹತ್ತಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಮರುದಿನ ಬೆಳಿಗ್ಗೆ ಒಬ್ಬ ಹುಡುಗ ಮೊದಲ ಸಲ ಒಬ್ಬನೇ ಹಾರುವವನಿದ್ದ. ಅದನ್ನು ನೋಡಲು ಅವನ ಅಪ್ಪ ಅಮ್ಮ ಊರಿಂದ ಬಂದಿದ್ದರು. ಸಂಜೆ ಕತ್ತಲಾಗುತ್ತಿತ್ತು. ಎಡಗಡೆ ಮ್ಯಾಗ್ನೆಟೊ ಸರಿಯಾಗಿ ಕೂತಿತು. ಬಲಗಡೆಯದಕ್ಕೆ ಹೋಗುವಾಗ ಪ್ರೊಪೆಲ್ಲರ್ ನನ್ನ ಭುಜ ತಾಗಿ ಗೆರೆಯಿಂದ ಒಂದಿಷ್ಟು ಮುಂದೆ ಹೋಯಿತು. ನಾನು ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಗೆರೆಗೆ ನಿಲ್ಲಿಸಿದೆ. ದೀಪ ಹತ್ತಿಸಿದೆ, ನಟ್ಟು ಬಿಗಿದೆ. ಕೊನೆಯ ಪರೀಕ್ಷೆ ಮಾಡಲಿಲ್ಲ, ಮನೆಗೆ ಹೋದೆ.

ಇದರಲ್ಲಿ ತಪ್ಪೇನು ಅನ್ನುತ್ತೀರಾ? ಹಲ್ಲುಚಕ್ರಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಹಿಂದಕ್ಕೆ ಎಳೆದಾಗ ಪ್ರೊಪೆಲ್ಲರ್ ಸರಿದರೂ ಮ್ಯಾಗ್ನೆಟೊ ಸರಿದಿರುವುದಿಲ್ಲ. ಗೆರೆ ಸರಿಯಾಗಿದೆ ಎಂದು ಕಣ್ಣು ಹೇಳುತ್ತದೆ, ಎಂಜಿನ್ ಓಡುವಾಗ ಮಾತ್ರ ಕಿಡಿ ತಡವಾಗುತ್ತದೆ. ಗೆರೆ ದಾಟಿದರೆ ಸಾಕಷ್ಟು ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೇ ಬರಬೇಕು.

ರಾತ್ರಿ ನಿದ್ದೆ ಬರಲಿಲ್ಲ. ನಾನು ಎಳೆದದ್ದನ್ನು ಯಾರೂ ನೋಡಿರಲಿಲ್ಲ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ವಿಮಾನ ಬೀಳುವುದಿಲ್ಲ ಎಂದೂ ಗೊತ್ತಿತ್ತು. ಆದರೆ ಹಾರುವವನು ಆ ಹುಡುಗ, ಪುಸ್ತಕದಲ್ಲಿ ಸಹಿ ಹಾಕುವವರು ನಮ್ಮ ಹಿರಿಯ ಮೆಕ್ಯಾನಿಕ್. ಬೆಳಿಗ್ಗೆ ಅವರು ಚಹಾ ಕುಡಿಯುತ್ತಿದ್ದಾಗ ಹೋಗಿ ನಿಂತೆ.

"ಸಾರ್, ನಿನ್ನೆ ಗೆರೆ ದಾಟ್ತು. ಹಿಂದಕ್ಕೆ ಎಳೆದುಬಿಟ್ಟೆ."

"ಕೊನೇಲಿ ಎರಡೂ ದೀಪ ನೋಡಿದ್ಯಾ?"

"ಇಲ್ಲ ಸಾರ್."

ಅವರು ಲೋಟ ಕೆಳಗಿಟ್ಟು ಎದ್ದರು. ಬೈಯಲಿಲ್ಲ. ಎಂಜಿನ್ನಿನ ಮುಚ್ಚಳ ಬಿಚ್ಚಿ, ಪ್ಲಗ್ ತೆಗೆದು, ಲೈಟ್ ಸಿಕ್ಕಿಸಿದೆವು. ಪ್ರೊಪೆಲ್ಲರ್ ಗೆರೆಗೆ ಬಂತು, ಎಡಗಡೆ ದೀಪ ಹತ್ತಿತು. ಬಲಗಡೆಯದು ಹತ್ತಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದ ಮೇಲೆ ಹತ್ತಿತು.

"ಗೆರೆ ದಾಟಿದ್ದು ತಪ್ಪಲ್ಲ ಕಣೋ, ಎಲ್ಲರಿಗೂ ದಾಟುತ್ತೆ. ದಾಟಿದ ಮೇಲೆ ನಟ್ಟು ಬಿಗಿದ್ಯಲ್ಲ, ಅದು ತಪ್ಪು. ಮತ್ತೆ ಮೊದಲಿಂದ ಮಾಡು, ನಾನು ಇಲ್ಲೇ ಇರ್ತೀನಿ," ಎಂದರು.

ಎರಡು ಗಂಟೆ ಹಿಡಿಯಿತು. ಆ ಹುಡುಗನ ಅಪ್ಪ ಅಮ್ಮ ಮರದ ನೆರಳಲ್ಲಿ ಕಾಯುತ್ತಾ ಕೂತಿದ್ದರು. ಹಾರುವ ಮುಂಚೆ ಪ್ರತಿ ಪೈಲಟ್ ಮಾಡುವಂತೆ ಅವನೂ ಎಂಜಿನ್ ಜೋರು ಮಾಡಿ, ಒಮ್ಮೆಗೆ ಒಂದೊಂದು ಮ್ಯಾಗ್ನೆಟೊ ಆರಿಸಿ ನೋಡಿದ. ಒಂದನ್ನು ಆರಿಸಿದಾಗ ಸುತ್ತು ಕೊಂಚ ಇಳಿಯಬೇಕು, ಎರಡೂ ಸಲ ಹೆಚ್ಚುಕಡಿಮೆ ಒಂದೇ ಸಮ ಇಳಿಯಬೇಕು. ಏನೂ ಇಳಿಯದಿದ್ದರೂ ಅನುಮಾನವೇ! ಮ್ಯಾಗ್ನೆಟೊ ನಿಜವಾಗಿ ಆರಿಲ್ಲ ಎಂದು ಅರ್ಥವಿರಬಹುದು. ಅದಕ್ಕೇ ನಿಂತಿರುವ ವಿಮಾನದ ಪ್ರೊಪೆಲ್ಲರ್ ಹತ್ತಿರ ಯಾರೂ ಹೋಗಬಾರದು. ಸ್ವಿಚ್ಚಿನ ತಂತಿ ತುಂಡಾಗಿದ್ದರೆ, ಸ್ವಿಚ್ ಆರಿದ್ದರೂ ಕೈ ತಾಗಿದಾಗ ಎಂಜಿನ್ ಹೊಡೆಯಬಲ್ಲದು.

ಅಂದು ಎರಡೂ ಸಲ ಸರಿಯಾಗಿಯೇ ಇಳಿಯಿತು. ಹುಡುಗ ಒಬ್ಬನೇ ಮೇಲೇರಿ, ಒಂದು ಸುತ್ತು ಹಾಕಿ, ನೆಲಕ್ಕೆ ಇಳಿದ. ಅವನ ಅಮ್ಮ ಡಬ್ಬಿಯಲ್ಲಿ ತಂದಿದ್ದ ಕೋಡುಬಳೆಯನ್ನು ಹ್ಯಾಂಗರಿನಲ್ಲಿದ್ದವರಿಗೆಲ್ಲ ಹಂಚಿದರು. ನನಗೆ ಎರಡು ಕೊಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ.

ಈ ವಾರ ಒಂದು ಕೆಲಸ ಮಾಡಿ ನೋಡಿ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೆಡಲನ್ನು ಕೈಯಲ್ಲಿ ಮುಂದಕ್ಕೆ ಒತ್ತಿ ಹಿಂದಿನ ಚಕ್ರವನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿ. ಈಗ ಪೆಡಲನ್ನು ಒಂದಿಷ್ಟೇ ಹಿಂದಕ್ಕೆ ಎಳೆಯಿರಿ. ಚಕ್ರ ಹಿಂದೆ ಬಂತೇ? ಮತ್ತೆ ಮುಂದಕ್ಕೆ ಒತ್ತಿ. ಎಷ್ಟು ಒತ್ತಿದ ಮೇಲೆ ಚಕ್ರ ಅಲುಗಿತು? ಚೈನಿಗೆ ಬೆರಳು ಕೊಡಬೇಡಿ, ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇರಲಿ. ಕಂಡದ್ದನ್ನು ನನಗೆ ಬರೆದು ತಿಳಿಸಿ.

ನಿಮ್ಮ ಅಜ್ಜ